ಹಗ್ಗದ ಆಚೆ ತುದಿಯಲ್ಲಿ ನಮ್ಮನೆಯವರು

ನಮ್ಮನೆಯವರ ಎರಡೂ ಹೆಗಲ ಮೇಲೆ ಅಂಗೈ ಅಗಲದ ಕಪ್ಪು ಗುರುತು ಇತ್ತು. ಚರ್ಮ ಅಲ್ಲಿ ಹಳೆಯ ಚಪ್ಪಲಿಯ ಹಾಗೆ ದಪ್ಪಗೆ, ನುಣ್ಣಗೆ ಆಗಿತ್ತು. ಮದುವೆಯಾದ ಹೊಸತರಲ್ಲಿ ನಾನು ಅದನ್ನು ಸುಟ್ಟ ಗಾಯವೆಂದುಕೊಂಡಿದ್ದೆ. ಕೇಳಿದ್ದಕ್ಕೆ ನಕ್ಕು, "ಟೋಪಿ ಭಾರ ಹೆಣೆ" ಎಂದರು. ಟೋಪಿಯ ಭಾರ ಹೆಗಲ ಮೇಲೆ ಹೇಗೆ ಬೀಳುತ್ತದೆಂದು ನನಗೆ ಅರ್ಥವಾದದ್ದು ಬೊಂಬಾಯಿಗೆ ಹೋದ ಮೇಲೆ.

ಅವರು ಅಲ್ಲಿಯ ಬಂದರಿನಲ್ಲಿ ಮುಳುಗುಗಾರರು. ಹೆಗಲ ಮೇಲೆ ಕೂರುವ ತಾಮ್ರದ ದೊಡ್ಡ ಟೋಪಿ, ಅದಕ್ಕೆ ಮುಂದೆ ಗಾಜಿನ ಕಿಟಕಿ, ಮೈಗೆ ರಬ್ಬರು ಬಟ್ಟೆ, ಕಾಲಿಗೆ ಸೀಸದ ಬೂಟು. ಮೇಲೆ ದೋಣಿಯಲ್ಲಿ ಇಬ್ಬರು ಚಕ್ರ ತಿರುಗಿಸಿ ನಳಿಗೆಯಲ್ಲಿ ಗಾಳಿ ಕಳಿಸುತ್ತಿರಬೇಕು. ಇನ್ನೊಬ್ಬ ಅವರ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದಿರಬೇಕು. ಮುಳುಗಿದ ಹಡಗು, ಹಡಗಿನಿಂದ ಬಿದ್ದ ಯಂತ್ರ, ಎಲ್ಲವನ್ನೂ ಹುಡುಕಿ ಸರಪಳಿ ಹಾಕಿ ಬರುವುದು ಅವರ ಕೆಲಸ. ಒಮ್ಮೆ ಹಡಗು ನಿಲ್ಲುವ ಧಕ್ಕೆಯ ಕಟ್ಟೆಯಿಂದ ಜಾರಿ ನೀರಿಗೆ ಬಿದ್ದ ರೈಲು ಡಬ್ಬಿಯೊಂದನ್ನು ಹುಡುಕಿ ಬಂದರು. ಊಟಕ್ಕೆ ಕೂತವರು ಹೇಳಿದರು: "ಡಬ್ಬಿ ಒಳ್ಗ್ ಒಂದ್ ಏಡಿ ಕೂಕಂಡಿತ್ತ್. ಟಿಕೇಟ್ ತೆಗ್ದಿದ್ಯಾ ಕೇಂಡೆ, ಮಾತೇ ಆಡ್ಲಿಲ್ಲ."

ಹೀಗೆ ನಗಿಸುತ್ತಿದ್ದರೂ ಅವರು ನೀರಿಗಿಳಿಯುವ ದಿನ ನಾನು ಗಂಜಿ ಮುಟ್ಟದೆ ಬಾಗಿಲಲ್ಲೇ ಕೂತಿರುತ್ತಿದ್ದೆ. ಅದು ಅವರಿಗೆ ಗೊತ್ತಾಯಿತು. ಒಂದು ಆದಿತ್ಯವಾರ ಹಗ್ಗದ ತುಂಡೊಂದನ್ನು ತಂದು, ತಾವು ನಮ್ಮ ಒಂದೇ ಕೋಣೆಯ ಖೋಲಿಯೊಳಗೆ ಕೂತು ಬಾಗಿಲು ಮುಚ್ಚಿ, ನನ್ನನ್ನು ಹೊರಗೆ ಪಡಸಾಲೆಯಲ್ಲಿ ಕೂರಿಸಿದರು. ಬಾಗಿಲಡಿಯಿಂದ ಬಂದ ಹಗ್ಗ ನನ್ನ ಕೈಯಲ್ಲಿ. ಒಂದು ಸಲ ಜಗ್ಗಿದರೆ ಚೆನ್ನಾಗಿದ್ದೇನೆ. ಎರಡು ಸಲಕ್ಕೆ ಇನ್ನಷ್ಟು ಹಗ್ಗ ಬಿಡು. ಮೂರಕ್ಕೆ ತಡೆ, ಎಳೆಯಬೇಡ. ನಾಲ್ಕಕ್ಕೆ ಮೇಲಕ್ಕೆಳೆ. ಅಕ್ಕಪಕ್ಕದ ಖೋಲಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅವರು ಮಾತ್ರ ಒಳಗಿಂದ ಗಂಭೀರವಾಗಿ, "ಕಣ್ಣ್ ಮುಚ್ಚ್. ಹಗ್ಗ ಹಿಡುವವ್ರಿಗ್ ಕೈಯಗ್ ಕಿವಿ ಇರ್ಕ್" ಎನ್ನುತ್ತಿದ್ದರು. ನಾಲ್ಕು ತಿಂಗಳು ಪ್ರತಿ ಆದಿತ್ಯವಾರ ಅದೇ ಪಾಠ. ಅವರು ಎಷ್ಟು ಮೆಲ್ಲಗೆ ಜಗ್ಗಿದರೂ ನನಗೆ ತಿಳಿಯತೊಡಗಿತು. ಹೆದರಿಕೆಯೂ ಅರ್ಧ ಇಳಿಯಿತು.

ಎರಡನೇ ಮಹಾಯುದ್ಧ ಮುಗಿಯುವ ಹಿಂದಿನ ವರ್ಷ, ಮಳೆಗಾಲ ಕಳೆದ ಮೇಲೆ, ಮನೆಯ ಮಾಡಿಗೆ ಹೊದಿಕೆ ಹಾಕಿಸಲು ರಜೆ ತೆಗೆದುಕೊಂಡು ನಮ್ಮೂರು ಉಪ್ಪುಂದಕ್ಕೆ ಬಂದಿದ್ದೆವು. ಆಗಲೇ ಒಂದು ಬೆಳಿಗ್ಗೆ ಯುದ್ಧವಿಮಾನವೊಂದು ಹೊಗೆ ಬಿಡುತ್ತ ಬಂದು ಕಡಲಿಗೆ ಬಿತ್ತು. ಬಲೆ ಹಾಕುತ್ತಿದ್ದವರೆಲ್ಲ ಕಂಡರು. ಮೂರು ದಿನದ ಮೇಲೆ ಲಾರಿಯೊಂದು ಹೊಳೆ ಹೊಳೆಗೂ ಜೋಡುದೋಣಿಯ ಜಂಗಲ್ ಹತ್ತಿ ದಾಟಿಕೊಂಡು ಬಂತು. ಅದರಲ್ಲಿ ಒಬ್ಬ ಬಿಳಿ ಅಧಿಕಾರಿ, ನಾಲ್ವರು ಸಿಪಾಯಿಗಳು, ಮಾತು ತಿರುಗಿಸಿ ಹೇಳಲು ಕುಂದಾಪುರದ ಒಬ್ಬ ಗುಮಾಸ್ತ, ಮತ್ತೆ ಮುಳುಗುವ ಸಾಮಾನೆಲ್ಲ. ಆದರೆ ಅವರ ಮುಳುಗುಗಾರನೂ ಹಗ್ಗದವನೂ ಚಳಿಜ್ವರ ಹಿಡಿದು ದಾರಿಯಲ್ಲೇ ಮಲಗಿಬಿಟ್ಟಿದ್ದರು. ಊರವರು ನಮ್ಮ ಮನೆ ತೋರಿಸಿದರು.

ಗುಮಾಸ್ತ ಹೇಳಿದ: "ಹಾರ್ಸುವವನ ಸೀಟಿನ್ ಅಡಿಗ್ ಒಂದ್ ಕಬ್ಬಿಣದ್ ಪೆಟ್ಟಿಗಿ ಇತ್ತಂಬ್ರ್. ಅದ್ ಬರ್ಕಂಬ್ರ್."

"ಹಾರ್ಸುವವ?" ಎಂದರು ನಮ್ಮನೆಯವರು.

ಗುಮಾಸ್ತ ಅಧಿಕಾರಿಯನ್ನು ಕೇಳಿದ. "ಒಳ್ಗೇ ಇದ್ದ ಅಂಬ್ರ್. ಇಪ್ಪತ್ತ್ ವರ್ಷದವ. ಆದ್ರೆ ಪೆಟ್ಟಿಗಿ ಮೊದ್ಲಂಬ್ರ್."

"ಮನ್ಷ ಮೊದ್ಲ್" ಎಂದರು ಇವರು. "ಪೆಟ್ಟಿಗಿ ಎಲ್ಲಿಗ್ ಹೋತ್ತ್? ಹಾಂಗೇ ಹೇಳಿ ಅವ್ರಿಗೆ."

ಗುಮಾಸ್ತ ಹೆದರಿ ಹೆದರಿ ಹೇಳಿದ. ಅಧಿಕಾರಿ ಆಗಲಿ ಎಂದು ತಲೆಯಾಡಿಸಿದ.

ಎರಡು ದೋಣಿಗಳನ್ನು ಜೋಡಿಸಿ ಕಟ್ಟಿದರು. ಹಗ್ಗಕ್ಕೆ ಒಬ್ಬ ಸಿಪಾಯಿ ಮುಂದೆ ಬಂದ. ಇವರು ಅವನನ್ನು ತಡೆದು, ದಡದಲ್ಲಿ ನಿಂತಿದ್ದ ನನ್ನನ್ನು ಕರೆದರು. ದೋಣಿಯ ಯಜಮಾನರಿಗೆ ಸಿಟ್ಟೇ ಬಂತು.

"ಕಡ್ಲಿಗ್ ಹೋಪ ದೋಣಿಗ್ ಹೆಂಗ್ಸ್ರನ್ನ ಹತ್ಸುಕಾತ್ತಾ ಮರಾಯಾ?"

"ಹಗ್ಗ ಹಿಡುಕೆ ಅವ್ಳಿಗ್ ಗೊತ್ತಿತ್ತ್, ನಿಮ್ಗ್ ಗೊತ್ತಿಲ್ಲೆ" ಎಂದರು ಇವರು. ದನಿ ಏರಿಸಲಿಲ್ಲ. "ಅವ್ಳ್ ಬಪ್ಪುದಿಲ್ಲ ಅಂದ್ರೆ ನಾನೂ ಇಳುದಿಲ್ಲ."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ದೋಣಿ ಹತ್ತಿದೆ.

ವಿಮಾನ ಬಿದ್ದಲ್ಲಿ ಎಂಟು ಮಾರು ನೀರು. ಇಳಿಯುವ ಮೊದಲು ಇವರು ಮನೆಯಿಂದ ತಂದ ಹೊಸ ಪಂಚೆಯೊಂದನ್ನು ಮಡಿಸಿ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡರು. ಯಾಕೆಂದು ಕೇಳಿದೆ. "ಅಡಿಯಗೇ ಸುತ್ತಿ ಕಳ್ಸ್ತೆ. ಅವ್ನ ಅಬ್ಬೆ ಕಂಡ್ ಮುಖ ಅದ್. ನಾಲ್ಕ್ ದಿನ ಉಪ್ಪ್ ನೀರಗ್ ಇದ್ದದ್ದನ್ನ ಹತ್ತ್ ಜನ ಕಾಂಬುದ್ ಬ್ಯಾಡ" ಎಂದು ಟೋಪಿ ಹಾಕಿಸಿಕೊಂಡರು.

ಹಗ್ಗ ಇಳಿಯಿತು. ಒಂದು ಜಗ್ಗು ಬಂತು. ನೀರಿನ ಮೇಲೆ ಗುಳ್ಳೆಗಳು ಒಂದೇ ಕಡೆ ಏಳುತ್ತಿದ್ದವು. ಬಹಳ ಹೊತ್ತು ಹಾಗೇ ನಡೆಯಿತು. ಆಮೇಲೆ ಇದ್ದಕ್ಕಿದ್ದಂತೆ ಮೂರು ಜಗ್ಗು. ಹಗ್ಗ ಓರೆಯಾಗಿ ಬಿಗಿಯಿತು. ನಾನು ಒಮ್ಮೆ ಜಗ್ಗಿ ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಇಲ್ಲ.

ಅಧಿಕಾರಿ ಎದ್ದು ನಿಂತು ಕೂಗಿದ. ಗುಮಾಸ್ತ "ಎಳೀರಿ ಅಂಬ್ರ್, ಎಳೀರಿ!" ಎಂದ. ಸಿಪಾಯಿ ಬಂದು ನನ್ನ ಕೈಯಿಂದ ಹಗ್ಗ ಕಸಿಯಲು ನೋಡಿದ. ನಾನು ಅದನ್ನು ಸೊಂಟಕ್ಕೆ ಒಂದು ಸುತ್ತು ಸುತ್ತಿಕೊಂಡು ದೋಣಿಯ ಹಲಗೆಗೆ ಕಾಲು ಕೊಟ್ಟು ಕೂತೆ.

"ಎಳುಕಾಗ! ಅವ್ರ್ ತಡಿ ಅಂದಿದ್ರ್, ಎಳಿ ಅಂದಿಲ್ಲೆ. ಗುಳ್ಳಿ ಬತ್ತಿತ್ತ್ ಕಾಣಿ, ಉಸ್ರ್ ಇತ್ತ್!"

ನನ್ನ ಬಾಯಿಂದ ಅಷ್ಟು ದೊಡ್ಡ ದನಿ ಬಂದದ್ದು ಅದೇ ಮೊದಲು. ಎಲ್ಲರೂ ನೀರು ನೋಡಿದರು. ಗುಳ್ಳೆಗಳು ಬರುತ್ತಿದ್ದವು, ಆದರೆ ನಿಧಾನವಾಗಿ ಜಾಗ ಬದಲಿಸುತ್ತಿದ್ದವು. ಅದುವರೆಗೆ ನನಗೆ ಮುನಿದಿದ್ದ ದೋಣಿಯ ಯಜಮಾನರು ಸಿಪಾಯಿಯ ರಟ್ಟೆ ಹಿಡಿದು ಹಿಂದಕ್ಕೆ ಕೂರಿಸಿದರು. "ಅವ್ಳ್ ಹೇಳ್ದಾಂಗ್ ಮಾಡಿ" ಎಂದರು.

ಎಷ್ಟು ಹೊತ್ತು ಕಳೆಯಿತೋ ಗೊತ್ತಿಲ್ಲ. ಅಂಗೈಯಲ್ಲಿ ಒಂದು ಜಗ್ಗು ಬಂತು. ನನಗೆ ಅಳು ಬಂತು, ಅಳಲಿಲ್ಲ. ಸ್ವಲ್ಪದರಲ್ಲೇ, ಸಾಮಾನಿಗೆಂದು ಬಿಟ್ಟಿದ್ದ ಎರಡನೇ ಹಗ್ಗ ಅಲುಗಿತು. ಅದನ್ನು ಎಳೆದಾಗ ಬಿಳಿ ಪಂಚೆ ಸುತ್ತಿದ ಆ ಹುಡುಗ ಬಂದ. ತಲೆಯಿಂದ ಪಾದದವರೆಗೆ ಎಲ್ಲೂ ಬಿಚ್ಚಿರಲಿಲ್ಲ. ಅಧಿಕಾರಿ ಟೋಪಿ ತೆಗೆದ. ಆಮೇಲೆ ನನ್ನ ಹಗ್ಗಕ್ಕೆ ನಾಲ್ಕು ಜಗ್ಗು.

ಮೇಲೆ ಬಂದವರ ಮೂಗಿನಲ್ಲಿ ರಕ್ತವಿತ್ತು. ವಿಮಾನ ಮಗುಚಿ ಬಿದ್ದಿತ್ತಂತೆ. ಹುಡುಗನ ಕೈ ಸೊಂಟದ ಪಟ್ಟಿಯ ಕೊಂಡಿಯ ಮೇಲೇ ಇತ್ತಂತೆ, ಬಿಚ್ಚಲು ಹೊರಟಹಾಗೆ. ಅದನ್ನು ಬಿಚ್ಚಿ ತಿರುಗುವಾಗ ಗಾಳಿಯ ನಳಿಗೆ ಹರಿದ ರೆಕ್ಕೆಯ ಅಂಚಿಗೆ ಸಿಕ್ಕಿಕೊಂಡಿತು. ಇವರು ರೆಕ್ಕೆಯನ್ನು ಪೂರ್ತಿ ಸುತ್ತಿ ಬಂದು ಬಿಡಿಸಿಕೊಂಡಿದ್ದರು. ಎರಡೂ ಕೈ ನಳಿಗೆಯ ಮೇಲಿದ್ದದ್ದರಿಂದ ನನಗೆ ಉತ್ತರ ಕೊಡಲಾಗಲಿಲ್ಲ. ಗುಮಾಸ್ತನಿಗೆ ಹೇಳಿದರು: "ಎಳ್ದಿದ್ರೆ ನಳಿಗಿ ತುಂಡಾತಿತ್ತ್. ಇವ್ಳ್ ಎಳಿಲಿಲ್ಲ. ಅದ್ಕೇ ನಾ ಇಲ್ಲಿ ಕೂಕಂಡಿದ್ದೆ. ಇದನ್ನೂ ಅವ್ರಿಗ್ ಹೇಳಿ."

ಮಧ್ಯಾಹ್ನ ಮತ್ತೆ ಇಳಿದು ಪೆಟ್ಟಿಗೆಯನ್ನೂ ತಂದುಕೊಟ್ಟರು. ಲಾರಿ ಹೊರಡುವಾಗ ಅಧಿಕಾರಿ ಇವರಿಗೆ ಸಲಾಮು ಹೊಡೆದ. ಇವರು ಸುಮ್ಮನೆ ಕೈಮುಗಿದು, ಹುಡುಗನನ್ನು ಮಲಗಿಸಿದ್ದ ಕಡೆಗೊಮ್ಮೆ ನೋಡಿ ಮನೆಗೆ ನಡೆದರು. ದಾರಿಯಲ್ಲಿ ಹೇಳಿದ್ದು ಒಂದೇ ಮಾತು: "ಕೊಂಡಿ ಗಟ್ಟಿ ಇತ್ತ್ ಹೆಣೆ. ಪಾಪ, ಅವ್ನ ಕೈಯಗ್ ಆಪುದಲ್ಲ ಅದ್."

ಮುಂದೆ ಆರೇಳು ವರ್ಷದಲ್ಲಿ ಅವರ ಮೊಣಕಾಲು ಸೋತಿತು, ಎಡಗಿವಿ ಕೇಳದಾಯಿತು. ಬೊಂಬಾಯಿ ಬಿಟ್ಟು ಊರಿಗೆ ಬಂದು ಬಲೆ ನೇಯುತ್ತ ಉಳಿದರು. ತಾವು ಮಾಡಿದ್ದನ್ನು ಜಗಲಿಯಲ್ಲಿ ಕೂತು ಹೇಳಿಕೊಂಡವರಲ್ಲ. ಯಾರಾದರೂ ಕೇಳಿದರೆ ನನ್ನ ಕಡೆ ಕೈ ತೋರಿಸಿ, "ಅವ್ಳ್ ಹೇಳ್ತ್" ಎನ್ನುತ್ತಿದ್ದರು.

ಎಷ್ಟೋ ವರ್ಷದ ಮೇಲೆ ಒಂದು ಶ್ರಾವಣದಲ್ಲಿ, ಎರಡು ದಿನದ ಜ್ವರಕ್ಕೆ, ಮಾತಾಡುತ್ತಾ ಆಡುತ್ತಾ ಹೋಗಿಬಿಟ್ಟರು. ಮರಣ ಬರೆಸಲು ನಾನೇ ಪಂಚಾಯಿತಿಗೆ ಹೋದೆ. ಬರೆಯುವ ಹುಡುಗ ಕೇಳದೆಯೇ ಉದ್ಯೋಗದ ಕಡೆ ಮೀನುಗಾರಿಕೆ ಎಂದು ಬರೆದ.

"ಅದನ್ನ ಹೊಡ್ದ್ ಹಾಕ್" ಎಂದೆ. "ಸಮುದ್ರದಡಿಯ ಮುಳುಗುಗಾರರು ಅಂದೇಳಿ ಬರಿ."

ಅಂಥದ್ದೊಂದು ಉದ್ಯೋಗ ಇಲ್ಲ ಅಜ್ಜಿ ಎಂದ. ನಾನು ಅವನೆದುರಿನ ಬೆಂಚಿನ ಮೇಲೆ ಕೂತು, ರೈಲು ಡಬ್ಬಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಸಾಲಿನಲ್ಲಿ ಹಿಂದೆ ನಿಂತವರೂ ಕೇಳಿದರು. ಹುಡುಗ ಮೊದಲು ಬರೆದದ್ದಕ್ಕೆ ಗೀಟು ಹಾಕಿ, ನಾನು ಹೇಳಿದ ಹಾಗೆಯೇ ಬರೆದ. ಓದು ಎಂದೆ. ಎದ್ದು ನಿಂತು ಓದಿದ.