ರಂಜಾನಬಿಯ ಕಾಲಿನ ಕೊರಡು

ಚನ್ನಮಲ್ಲಮ್ಮ ಟೀಚರ ಹೆಸರು ಬಂದರೆ ನನಗೆ ಮೊದಲು ನೆನಪಾಗುವುದು ಅವರ ಮುಖವಲ್ಲ, ಒಂದು ಸದ್ದು. ನೆಲಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಕಟ್ಟಿಗೆ ಎಳೆಯುವ ಸದ್ದು, ಅದರ ಜೊತೆ ಸರಪಳಿಯ ಸದ್ದು. 1976ರ ಮಳೆಗಾಲದ ಆರಂಭ. ಮಾನ್ವಿಯ ನಮ್ಮ ಶಾಲೆಯ ನಾಲ್ಕನೇ ಕ್ಲಾಸಿನಲ್ಲಿ ಗದ್ದಲ ಮಾಡುತ್ತಿದ್ದ ನಾವೆಲ್ಲ ಒಮ್ಮೆಲೇ ಬಾಗಿಲ ಕಡೆ ತಿರುಗಿದೆವು. ಬಳೆ ಮಾರುವ ಬಡೇಬೀ ತನ್ನ ಮಗಳು ರಂಜಾನಬಿಯ ಕೈ ಹಿಡಿದು ನಿಂತಿದ್ದಳು. ಹುಡುಗಿಯ ಕಾಲಿಗೆ ಸರಪಳಿ, ಸರಪಳಿಯ ತುದಿಗೆ ಒಂದು ಕೊರಡು. ತುಡುಗು ದನ ಓಡದಿರಲೆಂದು ಕೊರಳಿಗೆ ಕಟ್ಟುತ್ತಾರಲ್ಲ, ಅಂಥದೇ.

ಬಡೇಬೀ ಸೆರಗಿನ ಗಂಟು ಬಿಚ್ಚಿ ಕೀಲಿಕೈಯನ್ನು ಟೀಚರ ಮೇಜಿನ ಮೇಲಿಟ್ಟಳು. "ಹಡ್ಡೀ ಹಮಾರಿ, ಚಮಡೀ ತುಮಾರಿ" ಅಂದಳು. ಎಲುಬು ನಮ್ಮದು, ಚರ್ಮ ನಿಮ್ಮದು. ಮಗುವನ್ನು ಗುರುಗಳಿಗೆ ಒಪ್ಪಿಸುವಾಗ ನಮ್ಮ ಕಡೆ ಹೇಳುವ ಮಾತೇ ಅದು. ಎಷ್ಟಾದರೂ ಹೊಡೆಯಿರಿ, ಎಲುಬಷ್ಟು ಉಳಿಸಿರಿ ಎಂದರ್ಥ. ನಮ್ಮಪ್ಪನೂ ನನ್ನನ್ನು ಬಿಡುವಾಗ ಕನ್ನಡದಲ್ಲಿ ಅದನ್ನೇ ಹೇಳಿ ನಕ್ಕಿದ್ದ. ಬಡೇಬೀ ನಗಲಿಲ್ಲ.

ಟೀಚರು ದೇವದುರ್ಗದ ಅರಕೇರಾ ಕಡೆಯವರು. ನೌಕರಿಗೆ ಹೊಸಬರು, ಸಣ್ಣ ವಯಸ್ಸು. ಅವರ ಮುಖ ಬಿಳಿಚಿತು.

"ಇದೇನವ್ವಾ? ಕೂಸಿನ ಕಾಲಿಗಿ ಹಿಂಗ ಕಟ್ತಾರೇನು?"

"ಏನ್ ಮಾಡ್ಲಿ ಯವ್ವಾ? ಬಳಿ ಹೊತ್ತು ಬಾಗಲವಾಡಕ್ಕ ಹೋಗಾಕಿ ನಾನು. ಇಕಿ ಒಂದ್ ಕಡಿ ಕುಂದ್ರಂಗಿಲ್ಲ. ಹ್ವಾದ ತಿಂಗಳ ಬಸ್ಸಿನ ಗಾಲಿಗಿ ಸಿಗ್ತಿದ್ದಳು. ಸತ್ತ ಮಗಳಿಗಿಂತ ಕಟ್ಟಿದ ಮಗಳು ಪಾಡ ಅಲ್ಲೇನ್ರೀ?"

ಟೀಚರು ಕೆಳಗೆ ಕೂತು ಕೀಲಿ ತೆಗೆದರು. ಸರಪಳಿ ಕೊರೆದ ಜಾಗದಲ್ಲಿ ಗಾಯವಿತ್ತು, ಗಾಯದ ಮೇಲೆ ನೊಣ ಕೂತಿತ್ತು.

ಕಾಲು ಬಿಡಿಸಿದ್ದೇ ತಡ, ರಂಜಾನಬಿ ಕಿಟಕಿ ಹಾರಿ ಹೋದಳು. ಟೀಚರು ಸೀರೆ ಎತ್ತಿ ಕಟ್ಟಿ ಬಜಾರದ ತುಂಬ ಓಡಿ, ಲಾರಿಗಳ ನಡುವಿನಿಂದ ಅವಳನ್ನು ಎಳೆದು ತಂದರು. ಬಜಾರದ ಮಂದಿಗೆ ಅದೊಂದು ಪುಕ್ಕಟೆ ತಮಾಷೆ. ಹೆಡ್‌ಮಾಸ್ತರ್ ಗಡಿಗೆಪ್ಪನವರು ಮಾತ್ರ ನಗಲಿಲ್ಲ. "ಇನ್ನೊಮ್ಮೆ ಓಡಿದ್ರ ಹೆಸರು ಹೊಡದು ಹಾಕ್ತೀನಿ, ನೋಡ್ರಿ" ಅಂದರು. ಹೆಸರು ಹೋದರೆ ರಂಜಾನಬಿಗೆ ದಿನವೆಲ್ಲ ಮನೆಯ ಕಂಬಕ್ಕೆ ಕಟ್ಟಿಸಿಕೊಳ್ಳುವುದೇ ಗತಿ. ಅದು ಟೀಚರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಇಂಥ ಮಕ್ಕಳ ಗುಣಕ್ಕೆ ಎಡಿಎಚ್‌ಡಿ ಎಂಬ ಹೆಸರಿದೆಯೆಂದು ನಾನು ಕೇಳಿದ್ದು ತಲೆ ನರೆತ ಮೇಲೆ. ಆಗ ನಮ್ಮಲ್ಲಿದ್ದ ಹೆಸರುಗಳು ಎರಡೇ: ಸೊಕ್ಕು, ಇಲ್ಲವೇ ದೆವ್ವದ ಗಾಳಿ. ಟೀಚರು ಎರಡನ್ನೂ ನಂಬಲಿಲ್ಲ, ಸರಪಳಿ ಕೀಲಿಕೈಗಳನ್ನು ಅಂದೇ ಬಡೇಬೀಗೆ ಹಿಂದಕ್ಕೆ ಕೊಟ್ಟಿದ್ದರು. ಹಾಗಂತ ಅವರಿಗೆ ದಾರಿ ಗೊತ್ತಿತ್ತೆಂದೇನಲ್ಲ. ಒಂದು ವಾರ ಪಕ್ಕದಲ್ಲೇ ಕೂರಿಸಿಕೊಂಡರು, ಹುಡುಗಿ ಅವರ ಸೆರಗನ್ನೇ ಹರಿದಳು. ಬೈದರು, ಆಮೇಲೆ ತಾವೇ ಅತ್ತರು. ಕೊನೆಗೆ ಒಂದು ದಿನ, "ಓಡೋದ ಬೇಕಾ ನಿನಗ? ಓಡು, ಆದ್ರ ನಾ ಹೇಳಿದಲ್ಲಿಗಿ ಓಡು" ಅಂದರು.

ಅಂದಿನಿಂದ ಕೆಲಸ ಶುರುವಾಯಿತು. ಎರಡು ಲೆಕ್ಕ ಮಾಡಿದರೆ ಅಂಗಳದ ಬೇವಿನ ಗಿಡ ಮುಟ್ಟಿ ಬರಬಹುದು. ಮಗ್ಗಿಯನ್ನು ನಿಂತೇ ಹೇಳಬಹುದು. ಬಾಗಿಲ ಹತ್ತಿರ ಅವಳ ಜಾಗ, ಕಿಟಕಿಯಿಂದ ದೂರ. ದೊಡ್ಡ ಪಾಠವನ್ನು ತುಂಡು ತುಂಡು ಮಾಡಿ ಕೊಡುತ್ತಿದ್ದರು, ಎಳೆಗೂಸಿಗೆ ರೊಟ್ಟಿ ಮುರಿದು ಕೊಟ್ಟ ಹಾಗೆ. ಎಲ್ಲಕ್ಕಿಂತ ದೊಡ್ಡದು ಗಂಟೆ. ಬೇವಿನ ಗಿಡಕ್ಕೆ ತೂಗುಹಾಕಿದ್ದ ರೈಲು ಹಳಿಯ ತುಂಡನ್ನು ಬಾರಿಸುವ ಕೆಲಸ ರಂಜಾನಬಿಗೆ ಸಿಕ್ಕಿತು. ನಮಗೆಲ್ಲ ಹೊಟ್ಟೆಕಿಚ್ಚು. "ನಾವೂ ಹುಚ್ಚರಾಗಬೇಕಿತ್ತು" ಎಂದು ನಾನೇ ಗೊಣಗಿದೆ. ಆದರೆ ದೀಪಾವಳಿ ಹೊತ್ತಿಗೆ ಅವಳು ನನಗಿಂತ ಚೆನ್ನಾಗಿ ಭಾಗಾಕಾರ ಮಾಡುತ್ತಿದ್ದಳು, ಕಿಟಕಿ ಹಾರುವುದನ್ನು ಮರೆತಿದ್ದಳು.

ಆಗ ಇನ್‌ಸ್ಪೆಕ್ಟರ್ ಸಾಹೇಬರು ಶಾಲೆಯ ತನಿಖೆಗೆ ರಾಯಚೂರಿನಿಂದ ಬರುವ ದಿನ ಗೊತ್ತಾಯಿತು.

ಅಂದು ಮುಂಜಾನೆ ಗಂಟೆ ಆಗಲಿಲ್ಲ. ನಾವು ಒಳಗೆ ಹೋದರೆ ರಂಜಾನಬಿ ಮೂಲೆಯಲ್ಲಿ ಕೂತಿದ್ದಳು. ಕಾಲಿಗೆ ಮತ್ತೆ ಅದೇ ಸರಪಳಿ, ಅದೇ ಕೊರಡು. ಬಾಗಿಲ ಹೊರಗೆ ಬಡೇಬೀ ತಲೆ ತಗ್ಗಿಸಿ ನಿಂತಿದ್ದಳು. ಟೀಚರು ಬಂದವರೇ ಹೊಸಿಲಲ್ಲೇ ಕಲ್ಲಾದರು.

"ಹೆಡ್‌ಮಾಸ್ತರ್ ಹೇಳಿದ್ರು ಯವ್ವಾ," ಬಡೇಬೀ ತೊದಲಿದಳು. "ಇವತ್ತೊಂದಿನ ಕಟ್ಟು, ಸಾಹೇಬ್ರ ಮುಂದ ಜಿಗಿದಾಡಿದ್ರ ಹೆಸರು ಹೋಗ್ತದ ಅಂದ್ರು. ಹೆಸರು ಉಳೀಲಿ ಅಂತ ಕಟ್ಟೀನ್ರೀ."

ಅಷ್ಟರಲ್ಲಿ ಸಾಹೇಬರು ಒಳಗೆ ಬಂದರು, ಹಿಂದೆ ಗಡಿಗೆಪ್ಪನವರು. ನಾವು ಎದ್ದು ನಿಂತೆವು. ರಂಜಾನಬಿಯೂ ಎದ್ದಳು, ಸರಪಳಿ ಸದ್ದಾಯಿತು. ಸಾಹೇಬರು ಬಗ್ಗಿ ಅವಳ ಕಾಲು ನೋಡಿದರು.

"ಕೀಲಿ ತಗಿ ಬಡೇಬೀ" ಅಂದರು ಟೀಚರು. ಅವಳು ತೆಗೆದು, ಕೀಲಿಕೈಯನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡಳು. ಟೀಚರು ಆ ಸರಪಳಿಯನ್ನು ತಮ್ಮ ಕಾಲಿಗೆ ಸುತ್ತಿಕೊಂಡು ಕೀಲಿ ಒತ್ತಿಬಿಟ್ಟರು. ಕಟಕ್ ಎಂದಿತು. ನನ್ನ ಕೈಯ ಪಾಟಿ ಜಾರಿ ಬಿತ್ತು.

"ಏನ್ ಮಾಡಾಕತ್ತೀರಿ? ತಲಿ ಕೆಟ್ಟದೇನು?" ಗಡಿಗೆಪ್ಪನವರು ಕೂಗಿದರು.

"ಎಲುಬು ಅಕಿದು, ಚರ್ಮ ನಂದು ಅಂತ ಒಪ್ಪಿಸ್ಯಾಳ್ರೀ. ಚರ್ಮ ನಂದಾದ್ರ ಈ ಗಾಯಾನೂ ನಂದ. ಕೀಲಿಕೈ ಅಕಿ ಸೆರಗಿನಾಗ ಇರ್ಲಿ. ಸಾಹೇಬ್ರು ಪಾಠ ನೋಡಾಕ ಬಂದಾರ, ನೋಡ್ಲಿ."

ಹೀಗೆಂದು ಕೊರಡು ಎಳೆಯುತ್ತ ಹಲಗೆಯ ಕಡೆ ನಡೆದರು. ನಾನು ಅಂಥ ಪಾಠವನ್ನು ಆಮೇಲೆ ಯಾವತ್ತೂ ಕೇಳಲಿಲ್ಲ. ಅರ್ಧ ಲೆಕ್ಕ ಬರೆದು, ನಮ್ಮ ಪಾಟಿ ನೋಡಲು ಕೆಳಗಿಳಿದು ಬಂದರು. ಮತ್ತೆ ಹಲಗೆಯ ಮುಂದಿನ ಕಟ್ಟೆ ಹತ್ತುವಾಗ ಕೊರಡು ಸಿಕ್ಕಿಕೊಂಡು ಮುಗ್ಗರಿಸಿ ಬಿದ್ದರು, ಹಣೆ ಗೋಡೆಗೆ ಬಡಿಯಿತು. ಬಡೇಬೀ ಚೀರಿದಳು. ಓಡಿ ಬಂದು ಸೆರಗಿನ ಗಂಟು ಬಿಚ್ಚಲು ನೋಡಿದಳು, ಬೆರಳು ಕೇಳಲಿಲ್ಲ. ರಂಜಾನಬಿ ಹಾರಿ ಬಂದು ಗಂಟನ್ನು ಹಲ್ಲಿನಿಂದ ಬಿಡಿಸಿದಳು, ಟೀಚರ ಕಾಲಿನ ಕೀಲಿ ತೆಗೆದಳು, ಬಾಗಿಲು ದಾಟಿ ಓಡಿದಳು.

"ನೋಡಿದ್ರ್ಯಾ? ಓಡಿದ್ಲು!" ಅಂದರು ಗಡಿಗೆಪ್ಪನವರು.

ಆಗ ಗಂಟೆ ಕೇಳಿತು. ಕಿವಿ ಕಿತ್ತುಹೋಗುವ ಹಾಗೆ, ನಿಲ್ಲದ ಹಾಗೆ.

ಸಾಹೇಬರು ಗಡಿಯಾರ ನೋಡಿಕೊಂಡರು. "ಇದ್ಯಾವ ಗಂಟೀರಿ ಈಗ?"

"ಮುಂಜಾನಿ ಗಂಟೀರಿ ಸರ್," ಟೀಚರು ನೆಲದ ಮೇಲಿಂದಲೇ ಹೇಳಿದರು. "ಬಾರಸೂ ಹುಡುಗಿಗಿ ಈಗ ಬಿಡುವಾತು."

ರಂಜಾನಬಿಯ ಹೆಸರು ಉಳಿಯಿತು. ಟೀಚರನ್ನು ಮಾತ್ರ ಆ ವರ್ಷವೇ ಯಾವುದೋ ದೂರದ ಹಳ್ಳಿಗೆ ಎತ್ತಿಹಾಕಿದರು. ನಾವೆಲ್ಲ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆವು. ಬಡೇಬೀ ಕಿಟಲಿಯಲ್ಲಿ ಚಹಾ ತಂದಿದ್ದಳು. ಟೀಚರ ಜಾತಿಯವರು ಸಾಬರ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಅದು ಅವಳಿಗೂ ಗೊತ್ತು, ಅದಕ್ಕೇ ಕೈ ಮುಂದೆ ಮಾಡಲು ಹೆದರುತ್ತಿದ್ದಳು.

"ಆ ಕೊರಡು ಒಡದು ಒಲಿಗಿ ಹಾಕೀನ್ರೀ ಯವ್ವಾ," ಅಂದಳು. "ಅದರ ಉರಿಮ್ಯಾಲ ಕಾಸಿದ ಚಾ ಇದು."

ಟೀಚರು ಊರ ಮಂದಿಯ ಎದುರೇ ಕಪ್ಪು ತೆಗೆದುಕೊಂಡು ಪೂರ್ತಿ ಕುಡಿದರು. ಆಮೇಲೆ ಇನ್ನೊಂದು ಕಪ್ಪು ಕೇಳಿದರು.