ಗಂಗಕ್ಕನಿಗೆ ನಾನು ಹೇಳಿದ ಅರ್ಥ

ಮಗಳು ಕೀಪ್, ಕೆಪ್ಟ್, ಕೆಪ್ಟ್ ಎಂದು ಬಾಯಿಪಾಠ ಮಾಡುತ್ತಿದ್ದಳು. ನನಗೆ ಕೊಟ್ಟೂರಿನ ನಮ್ಮ ಓಣಿಯ ಗಂಗಕ್ಕ ನೆನಪಾದಳು. ಶಾಲೆಯಿಂದ ಬಂದ ನನಗೆ ದಿನಾ ಒಗ್ಗರಣೆ ಮಂಡಕ್ಕಿ ಕೊಟ್ಟು, ಕೆದರಿದ ಜಡೆ ಬಿಚ್ಚಿ ಹೆಣೆಯುತ್ತಿದ್ದಳು. ನಮ್ಮವ್ವ ಆಕೆಯನ್ನು 'ಸಾವ್ಕಾರನ ಕೀಪ್' ಎನ್ನುತ್ತಿದ್ದಳು.

ಇಂಗ್ಲಿಷ್ ಶಾಲೆಯ ಜಂಬದಲ್ಲಿ ಒಂದು ದಿನ ಆಕೆಗೇ ಹೇಳಿದೆ: "ಗಂಗಕ್ಕ, ನಿನಗ ಕೀಪ್ ಅಂತಾರಲ್ಲ, ಹಂಗಂದ್ರ ಜ್ವಾಪಾನ ಮಾಡಿ ಇಟ್ಕೊಳ್ಳೋದು."

ಹೆಣೆಯುತ್ತಿದ್ದ ಕೈ ನಿಂತಿತು. "ಯಾರಂತಾರವ್ವ?"

"ನಮ್ಮವ್ವ."

"ನಿಮ್ಮವ್ವ ಭಾಳ ಶ್ಯಾಣ್ಯಾಕಿ ಬಿಡು" ಎಂದು ನಕ್ಕು, ಜಡೆ ಮುಗಿಸಿ ಕಳಿಸಿದಳು. ಮರುದಿನದಿಂದ ಆ ಬಾಗಿಲು ನನಗೆ ತೆರೆಯಲಿಲ್ಲ.

"ಅಮ್ಮ, ಕೀಪ್ ಅಂದ್ರೆ?" ಮಗಳು ಕೇಳಿದಳು.

"ಜೋಪಾನವಾಗಿ ಇಟ್ಟುಕೊಳ್ಳುವುದು" ಎಂದೆ.

ಅವ್ವ ಆ ಪದವನ್ನು ಯಾವಾಗಲೂ ದನಿ ತಗ್ಗಿಸಿಯೇ ಹೇಳುತ್ತಿದ್ದಳು. ಅದು ನನಗೆ ಆಗಲೂ ಗೊತ್ತಿತ್ತು.