ಉಪ್ಪಿನ ಜಗಳವನ್ನು ಶಾರದ ಓದಿದ ಬಗೆ

ಪ್ಲಿಮತ್ ಊರಿನ ಆ ಬಡಾವಣೆಯಲ್ಲಿ ಶಾರದ ಅವರಷ್ಟು ಬೇಗ ಮನೆ ಬಿಡುವವರು ಬೇರೆ ಯಾರೂ ಇರಲಿಲ್ಲ. ಪಕ್ಕದ ಊರಾದ ಲಿವೋನಿಯಾದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಬೆಳಗಿನ ಆರಕ್ಕೇ ಅವರ ಕೆಲಸ. ಹೊರಹೋಗುವ ದಾರಿಯಲ್ಲಿ ಒಂದು ಇಳಿಜಾರು. ಚಳಿಗಾಲದಲ್ಲಿ ಹಿಮ ಕರಗಿಸುವ ಉಪ್ಪು ಬೀಳದ ದಿನ ಕಾರು ಅಲ್ಲಿಂದ ನೇರ ದೊಡ್ಡ ರಸ್ತೆಗೆ ಜಾರುತ್ತಿತ್ತು.

೨೦೦೯ರ ಚಳಿಗಾಲವದು. ಕಾರಿನ ಉದ್ಯಮ ಕುಸಿದು, ಎರಡು ಮನೆಗೊಬ್ಬರಂತೆ ಕೆಲಸ ಕಳೆದುಕೊಂಡಿದ್ದರು. ಖರ್ಚು ತಗ್ಗಿಸಲು ಒಳರಸ್ತೆಗಳಿಗೆ ಉಪ್ಪು ಹಾಕಿಸುವುದನ್ನೇ ನಿಲ್ಲಿಸೋಣವೇ ಎಂದು ಬಡಾವಣೆಯ ಸಮಿತಿಯವರು ತಮ್ಮ ಅಂತರ್ಜಾಲ ಪುಟದಲ್ಲಿ ಕೇಳಿದರು. ಶಾರದ ತಮ್ಮ ಭಯವನ್ನು ಬರೆದರು. ಮರುದಿನವೇ ಹಿಂದಿನ ಬೀದಿಯ ಶಿವಬಸಪ್ಪನವರು ಅದರ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದರು: ಉಪ್ಪು ಬೇಡವೇ ಬೇಡ; ಹೆದರಿಕೆಯಿರುವವರು ಮನೆಯಲ್ಲಿರಲಿ.

ಶಾರದ ಅವರ ಪತಿ ಬದರೀನಾಥರು ಕಿಡಿಕಿಡಿಯಾಗಿ, ಆಗಲೇ ಖಾರವಾದ ಮಾರುತ್ತರವನ್ನು ಟೈಪ್ ಮಾಡಿ ಮುಗಿಸಿದ್ದರು. ಶಾರದ ಗಂಡನ ಕೈ ಹಿಡಿದರು.

"ಸ್ವಲ್ಪ ಇರೀಂದ್ರೆ. ಅವರು ಧಾರವಾಡದವರು. ಆ ಇಂಗ್ಲಿಷನ್ನ ಅವರ ಮಾತಿಗೆ ತಿರುಗಿಸಿ ನೋಡಿ. 'ಹೆದರಿಕಿ ಆದ್ರ ಮನ್ಯಾಗ ಇರ್ರೀ ಅಕ್ಕಾರ.' ಇದರಲ್ಲಿ ಕೊಬ್ಬು ಎಲ್ಲಿದೆ?"

"ನೀನು ಬಿಡು, ಕಲ್ಲು ಹೊಡೆದವನಿಗೂ ಗುರಿ ಚೆನ್ನಾಗಿದೆ ಅಂತೀಯ."

ಶಾರದ ನಕ್ಕರು. ಮೊದಲ ಸಾಲಿಗೂ ಏನೋ ಕಾರಣವಿರಲೇಬೇಕೆಂದು ಅವರಿಗೆ ಖಾತ್ರಿಯಿತ್ತು. ಉಪ್ಪಿನಿಂದ ನಿಮಗೇನು ತೊಂದರೆಯಾಯಿತು ಎಂದಷ್ಟೇ ಬರೆದರು. ಸಂಜೆಗೆ ಫೋನೇ ಬಂತು.

"ಇಷ್ಟು ದಿನ ಯಾರೂ ಕೇಳಿದ್ದಿಲ್ಲ ನೋಡ್ರಿ ಅಕ್ಕಾರ," ಎಂದರು ಶಿವಬಸಪ್ಪ.

ಉಪ್ಪಿಗೆ ತುಕ್ಕು ಹಿಡಿದಿದ್ದ ಅವರ ಕಾರಿನ ಬ್ರೇಕ್ ಕೊಳವೆ ಹಿಂದಿನ ತಿಂಗಳು ಹೆದ್ದಾರಿಯಲ್ಲೇ ಒಡೆದಿತ್ತು. ಕೆಲಸ ಹೋದ ಮೇಲೆ ಅದೇ ಹಳೆಯ ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಲಿಸ್ಲ್‌ವರೆಗೂ ಇಂಟರ್‌ವ್ಯೂಗಳಿಗೆ ಅಲೆಯುತ್ತಿದ್ದರು. ಶಾರದ ಇಳಿಜಾರಿಗೆ ಹೆದರಿದಂತೆ ಅವರು ಉಪ್ಪಿಗೆ ಹೆದರಿದ್ದರು.

ಶನಿವಾರ ಶಾರದ, ಶಿವಬಸಪ್ಪ ಇಬ್ಬರೂ ಬೂಟು ಹಾಕಿಕೊಂಡು ರಸ್ತೆಯನ್ನೆಲ್ಲ ನಡೆದು ನೋಡಿದರು. ಬದರೀನಾಥರು ಗೊಣಗುತ್ತಲೇ ಅಳತೆಯ ಟೇಪು ಹಿಡಿದರು. ಉಪ್ಪು ನಿಜಕ್ಕೂ ಬೇಕಾದದ್ದು ಇಳಿಜಾರಿನ ಇನ್ನೂರು ಅಡಿಗೆ ಮಾತ್ರ. ಉಳಿದೆಡೆ ಮರಳು ಸಾಕು. ಹಾಗೆಂದು ಇಬ್ಬರ ಹೆಸರಿನಲ್ಲೂ ಬರೆದು ಪುಟಕ್ಕೆ ಹಾಕಿದರು. ಪುಟದಲ್ಲಿ ಉಪ್ಪಿಗಾಗಿ ಬೈದಾಡುತ್ತಿದ್ದ ಉಳಿದವರೂ ಅದಕ್ಕೆ ಒಪ್ಪಿದರು.

ಸೋಮವಾರ ಬೆಳಗಿನ ಐದೂಕಾಲಿಗೆ ಶಾರದ ಎಂದಿನಂತೆ ಕೆಲಸಕ್ಕೆ ಹೊರಟರು; ಇಳಿಜಾರಿಗೆ ಉಪ್ಪು ಬಿದ್ದಿತ್ತು.